ಉಂಡ ಮನೆಯ ಜಂತೆ ಎಣಿಸುವವರು

‘ಉಂಡ ಮನೆಯ ಜಂತೆ ಎಣಿಸಬೇಡ’ ಅನ್ನುವ ಗಾದೆ ಎಲ್ಲರ ಬಾಯಲ್ಲೂ ಇದೆ. ಅನ್ನ ಹಾಕಿದವರ ಮನೆಯ ಹುಳುಕನ್ನು ನೋಡಬಾರದು, ಕಂಡರೂ ಆಡಬಾರದು ಅಂತ ಅದರ ಅರ್ಥ. ಮೇಲ್ನೋಟಕ್ಕೆ ಬಹಳ ಸಭ್ಯವಾದ ಮಾತು. ಆದರೆ ಈ ಗಾದೆಯನ್ನು ಕಟ್ಟಿದವರು ಉಣ್ಣುವವರೋ ಉಣ್ಣಿಸುವವರೋ ಎಂದು ಒಂದು ಗಳಿಗೆ ಯೋಚಿಸಿ ನೋಡಿ. ನಮ್ಮ ಹಟ್ಟಿಯವರಿಗಂತೂ ಈ ಗಾದೆ ಅನ್ವಯವಾಗುವುದೇ ಕಷ್ಟ. ದಣಿಯ ಮನೆಯ ಜಂತೆ ಎಣಿಸಬೇಕಾದರೆ ಒಳಗೆ ಕೂತು ತಲೆ ಎತ್ತಬೇಕಲ್ಲ? ನಮ್ಮವರು ಉಂಡದ್ದು ಕೊಟ್ಟಿಗೆಯ ಮೂಲೆಯಲ್ಲಿ, ಜಗಲಿಯ ಕೆಳಗೆ, ತಲೆ ತಗ್ಗಿಸಿಕೊಂಡು. ಆ ಜಂತೆಗಳನ್ನು ಕಾಡಿನಿಂದ ಹೊತ್ತು ತಂದ ಹೆಗಲು ನಮ್ಮವರದೇ ಆಗಿತ್ತು ಅನ್ನೋದು ಬೇರೆ ಮಾತು.

ಸರ್ಕಾರದ ಮನೆಯೊಳಗೆ ಒಂದು ಕುರ್ಚಿ ಇದೆ. ಅದರಲ್ಲಿ ಕೂತವರ ಕೆಲಸವೇ ಜಂತೆ ಎಣಿಸುವುದು. ಯಾವುದಕ್ಕೆ ಗೆದ್ದಲು ಹಿಡಿದಿದೆ, ಯಾವುದನ್ನು ಯಾರು ರಾತ್ರೋರಾತ್ರಿ ಕಿತ್ತು ಮಾರಿಕೊಂಡರು, ಹತ್ತು ಜಂತೆಗೆ ಬಿಲ್ಲು ಮಾಡಿ ಆರು ಹಾಕಿದವರು ಯಾರು ಎಂದು ಎಣಿಸಿ, ಬರೆದು, ಹೊರಗಿನವರಿಗೆ ಹೇಳುವುದು. ದೇಶದ ಮಟ್ಟದಲ್ಲಿ ಆ ಕುರ್ಚಿಯ ಹೆಸರು ಮಹಾಲೆಕ್ಕಪರಿಶೋಧಕರು, ಪೇಪರಿನವರು ಸಿಎಜಿ ಅಂತಾರೆ. ನಮ್ಮ ರಾಜ್ಯದಲ್ಲಿ ಲೋಕಾಯುಕ್ತ ಇದೆ. ಉದ್ಯೋಗ ಖಾತ್ರಿ ಬಂದ ಮೇಲೆ ಸಾಮಾಜಿಕ ಪರಿಶೋಧನಾ ನಿರ್ದೇಶನಾಲಯ ಅಂತ ಇನ್ನೊಂದು ಹುಟ್ಟಿತು. ಅಧಿಕಾರ ಬೇರೆ ಬೇರೆ, ಕಾಯಿದೆ ಬೇರೆ ಬೇರೆ. ಇಕ್ಕಟ್ಟು ಒಂದೇ: ಸಂಬಳ ಸರ್ಕಾರದ್ದು, ಕಟ್ಟಡ ಸರ್ಕಾರದ್ದು, ಕಾರಿನ ಪೆಟ್ರೋಲು ಸರ್ಕಾರದ್ದು, ಎಣಿಸಬೇಕಾದದ್ದೂ ಸರ್ಕಾರದ ಜಂತೆಯನ್ನೇ. ಹೀಗೆ ಕೂತವನು ದ್ರೋಹಿಯೋ? ಅಲ್ಲವಾದರೆ ಅವನ ನಿಷ್ಠೆ ಯಾರಿಗೆ?

ಇದು ದೊಡ್ಡ ಅಧಿಕಾರಿಗಳ ತಲೆನೋವು, ಕೂಲಿನಾಲಿ ಮಾಡೋರಿಗೆ ಇದರಿಂದೇನು ಎಂದು ಕೆಲವು ಗೆಳೆಯರು ಕೇಳುತ್ತಾರೆ. ಭೂಮಿ ಕೇಳೋಣ, ಸ್ಮಶಾನ ಕೇಳೋಣ, ಆಡಿಟ್ ಯಾಕೆ ಕೇಳೋಣ ಅಂತ. ಅವರಿಗೆ ನನ್ನ ಉತ್ತರ ಇಷ್ಟೆ. ನಮ್ಮ ಮೇಲೆ ಚಾಟಿ ಬೀಸಿದ್ದಕ್ಕಿಂತ ಹೆಚ್ಚು ಸಲ ಲೆಕ್ಕದ ಪುಸ್ತಕ ಬೀಸಿದ್ದಾರೆ.

ನಮ್ಮಜ್ಜ ಜೀತಕ್ಕಿದ್ದ ಮನೆಯಲ್ಲಿ ಬಟ್ಟೆ ಸುತ್ತಿದ ಒಂದು ಪುಸ್ತಕ ಇತ್ತಂತೆ. ಮದುವೆಗೆ ತಂದ ಸಾಲ ಎಷ್ಟು, ಬಡ್ಡಿ ಎಷ್ಟು, ವರ್ಷಕ್ಕೆ ಕೊಟ್ಟ ರಾಗಿ ಎಷ್ಟು, ಕಂಬಳಿ ಎಷ್ಟಕ್ಕೆ, ಜ್ವರ ಬಂದು ಮಲಗಿದ ದಿನ ಎಷ್ಟು, ಎಲ್ಲ ಅದರಲ್ಲಿ. ಅಜ್ಜನಿಗೆ ಗೊತ್ತಿದ್ದದ್ದು ಅದರಲ್ಲಿದ್ದ ತನ್ನ ಹೆಬ್ಬೆಟ್ಟು ಮಾತ್ರ. ವರ್ಷಾವರ್ಷ ದುಡಿದರೂ ಸಾಲ ಹೇಗೆ ಬೆಳೀತು ಅಂತ ಅವನು ಸಾಯುವ ತನಕ ಸೋಜಿಗ ಪಡುತ್ತಿದ್ದ. ಮಳೆ ಬಂದರೆ ಕೆರೆ ತುಂಬಿದ ಹಾಗೆ ಅದೂ ತಾನಾಗೇ ತುಂಬುತ್ತದೆ ಎಂದು ತಿಳಿದಿದ್ದ. 1976ರಲ್ಲಿ ಜೀತ ರದ್ದತಿಯ ಕಾಯಿದೆ ಬಂದು ಸಾಲ ಮನ್ನಾ ಆಯಿತು. ಪುಸ್ತಕದಲ್ಲಿ ಏನಿತ್ತು ಅನ್ನೋದನ್ನು ಮಾತ್ರ ಯಾರೂ ಓದಿ ಹೇಳಲಿಲ್ಲ.

ಆ ಮನೆಯಲ್ಲಿ ಕೊಡುವವನೇ ಬರೆಯುತ್ತಿದ್ದ, ಬರೆದವನೇ ಸರಿಯಿದೆ ಎನ್ನುತ್ತಿದ್ದ. ಊರಿನ ಲೆಕ್ಕವೂ ಹೀಗೇ ಇತ್ತು. ಶ್ಯಾನುಭೋಗಿಕೆ ಅಪ್ಪನಿಂದ ಮಗನಿಗೆ ಬರುವ ಆಸ್ತಿ. ಯಾವ ಗದ್ದೆ ಯಾರದ್ದು ಅನ್ನುವುದು ಒಂದು ಜಾತಿಯ ಒಂದು ಮನೆಯ ಕಡತದಲ್ಲಿ. ಪಟೇಲ-ಶ್ಯಾನುಭೋಗಿಕೆಗಳನ್ನು ತೆಗೆದುಹಾಕುವ ಕಾಯಿದೆ ಆದದ್ದು 1961ರಲ್ಲಿ, ಜಾರಿಗೆ ಬಂದದ್ದು 1963ರಲ್ಲಿ. ಖರ್ಚು ಮಾಡುವ ಕೈ, ಬರೆಯುವ ಕೈ, ಎಣಿಸುವ ಕೈ ಮೂರೂ ಒಂದೇ ಮೈಗೆ ಅಂಟಿಕೊಂಡಿದ್ದರೆ ಅಲ್ಲಿ ಮೋಸ ನಡೆಯಲು ಕೆಟ್ಟ ಮನುಷ್ಯ ಬೇಕಿಲ್ಲ. ಒಳ್ಳೆಯವನೂ ಎರಡು ವರ್ಷದಲ್ಲಿ ಕಲಿತುಬಿಡುತ್ತಾನೆ.

ಬಸವಣ್ಣನವರ ಕಥೆ ನೆನಪಿಗೆ ಬರುತ್ತದೆ. ಕಲ್ಯಾಣದಲ್ಲಿ ಬಿಜ್ಜಳನ ಭಂಡಾರಿ ಅವರು. ಭಂಡಾರದ ಹೊನ್ನನ್ನು ಜಂಗಮರಿಗೆ ಹಂಚುತ್ತಿದ್ದಾರೆ ಎಂದು ಕೊಂಡೆಯರು ದೂರು ಹೇಳಿದರು. ಬಿಜ್ಜಳ ಲೆಕ್ಕ ಕೇಳಿದ. ಪೆಟ್ಟಿಗೆ ತೆರೆದು ಎಣಿಸಿದರೆ ಒಂದು ಹೊನ್ನೂ ಕಡಿಮೆ ಇರಲಿಲ್ಲ ಎಂದು ಪುರಾಣಕಾರರು ಬರೆದಿದ್ದಾರೆ. ಬಸವಣ್ಣನವರ ಪ್ರಾಮಾಣಿಕತೆಯ ಬಗ್ಗೆ ನನಗೆ ಎಳ್ಳಷ್ಟೂ ಅನುಮಾನವಿಲ್ಲ. ಆದರೆ ಪುರಾಣಕಾರರು ಅದನ್ನು ಪವಾಡ ಮಾಡಿಟ್ಟು ನಮಗೊಂದು ಕೆಟ್ಟ ಚಾಳಿ ಕಲಿಸಿದರು. ಒಳ್ಳೆಯವನು ಲೆಕ್ಕ ಕೊಡಬೇಕಿಲ್ಲ, ದೇವರೇ ಸರಿಮಾಡುತ್ತಾನೆ. ಅವನ ಲೆಕ್ಕ ಕೇಳಿದವನೇ ನೀಚ. ಇವತ್ತಿಗೂ ನಮ್ಮ ನಾಯಕರ ಹತ್ತಿರ ರಶೀದಿ ಪುಸ್ತಕ ಕೇಳಿದರೆ ‘ನನ್ನ ಮೇಲೇ ಅನುಮಾನವಾ?’ ಅನ್ನುತ್ತಾರಲ್ಲ, ಅದರ ಬೇರು ಇಲ್ಲಿದೆ.

ಈ ಚಾಳಿಗೆ ಪೂರಾ ವಿರುದ್ಧ ನಿಂತವರು ಬಾಬಾಸಾಹೇಬರು. ಅವರ ಪ್ರತಿಮೆ ನಮ್ಮ ಎಲ್ಲ ಕೇರಿಗಳಲ್ಲಿ ಇದೆ, ಕೈಯಲ್ಲಿ ಪುಸ್ತಕ ಇದೆ. ಆದರೆ ಅವರು ಮೊದಲು ಓದಿದ್ದು ಸರ್ಕಾರದ ಜಮಾಖರ್ಚು ಅನ್ನೋದನ್ನು ನಮ್ಮ ಸಭೆಗಳಲ್ಲಿ ಯಾರೂ ಹೇಳುವುದಿಲ್ಲ. 1915ರಲ್ಲಿ ಕೊಲಂಬಿಯಾದಲ್ಲಿ ಎಂ.ಎ.ಗೆ ಅವರು ಬರೆದದ್ದು ಈಸ್ಟ್ ಇಂಡಿಯಾ ಕಂಪನಿಯ ಆಡಳಿತ ಮತ್ತು ಹಣಕಾಸಿನ ಮೇಲೆ. 1925ರಲ್ಲಿ ಅಚ್ಚಾದ ಅವರ ದೊಡ್ಡ ಗ್ರಂಥ ಬ್ರಿಟಿಷ್ ಇಂಡಿಯಾದ ಪ್ರಾಂತ್ಯಗಳ ಹಣಕಾಸು ಬೆಳೆದುಬಂದ ಬಗೆಯ ಮೇಲೆ. ಕುಡಿಯುವ ನೀರು ಮುಟ್ಟಗೊಡದ ದೇಶದ ಖಜಾನೆಗೆ ಅವರು ಕೈ ಹಾಕಿ ಎಣಿಸಿದ್ದರು.

ಅಂಥವರು 1949ರ ಮೇ 30ರಂದು ಸಂವಿಧಾನ ಸಭೆಯಲ್ಲಿ ಎದ್ದುನಿಂತು ಮಹಾಲೆಕ್ಕಪರಿಶೋಧಕರ ಬಗ್ಗೆ ಮಾತಾಡಿದರು. ಸಂವಿಧಾನದಲ್ಲಿ ಬಹುಶಃ ಅತಿ ಮುಖ್ಯವಾದ ಅಧಿಕಾರಿ ಈತನೇ, ಈತನ ಕೆಲಸ ನ್ಯಾಯಾಂಗದ ಕೆಲಸಕ್ಕಿಂತಲೂ ದೊಡ್ಡದು ಎಂಬ ಅರ್ಥದ ಮಾತು ಅದು. ಪ್ರಧಾನಿಯೂ ಅಲ್ಲ, ರಾಷ್ಟ್ರಪತಿಯೂ ಅಲ್ಲ, ಒಬ್ಬ ಲೆಕ್ಕದವನು! ನಾನು ಇದನ್ನು ಮೊದಲು ಓದಿದಾಗ ಬೆರಗಾದೆ. ಆಮೇಲೆ ಯೋಚಿಸಿದರೆ ಇದು ಸಹಜ ಅನ್ನಿಸಿತು. ಅನ್ಯಾಯವಾದ ಮೇಲೆ ಕೋರ್ಟಿಗೆ ಹೋಗಲು ಕಾಸು ಬೇಕು, ವಕೀಲ ಬೇಕು, ಹತ್ತು ವರ್ಷ ಆಯುಸ್ಸು ಬೇಕು. ಬಡವನ ಪಾಲಿನ ದುಡ್ಡು ಬಡವನ ಮನೆಗೆ ಹೋಯಿತೋ ಇಲ್ಲವೋ ಎಂದು ಅವನು ಕೇಳುವ ಮೊದಲೇ ನೋಡುವವನೊಬ್ಬ ಇರಬೇಕು.

ಅವತ್ತೇ ಅವರು ಒಂದು ಕೊರಗನ್ನೂ ಹೇಳಿದ್ದರು. ಸುಪ್ರೀಂ ಕೋರ್ಟಿಗೆ ತನ್ನ ನೌಕರರನ್ನು ತಾನೇ ನೇಮಿಸಿಕೊಳ್ಳುವ ಅಧಿಕಾರವಿದೆ, ಈ ಲೆಕ್ಕದವನಿಗೆ ಅಷ್ಟು ಸ್ವಾತಂತ್ರ್ಯ ಇಲ್ಲವಲ್ಲ ಎಂದು. ಈ ಮಾತಿನ ಆಳ ತಿಳಿಯಬೇಕಾದರೆ ಯಾವುದಾದರೂ ಕಛೇರಿಗೆ ಹೋಗಿ ನೋಡಿ. ಮೇಲೆ ಕೂತ ಸಾಹೇಬರು ಸ್ವತಂತ್ರರು, ಸರಿ. ಕಡತ ತರುವ ಗುಮಾಸ್ತ ಯಾರ ಕಡೆಯವನು? ಅವನ ವರ್ಗಾವಣೆ ಯಾರ ಕೈಲಿದೆ? ತಲೆ ಸ್ವತಂತ್ರವಾಗಿದ್ದು ಕೈಕಾಲು ಜೀತಕ್ಕಿದ್ದರೆ ಆ ಮನುಷ್ಯ ಎಷ್ಟು ದೂರ ನಡೆದಾನು?

ಇನ್ನು ಉಪ್ಪಿನ ಋಣದ ಮಾತು. ಸಂವಿಧಾನದ 148ನೇ ವಿಧಿ ಇದಕ್ಕೊಂದು ಜಾಣ ದಾರಿ ಮಾಡಿದೆ. ಆ ಕಛೇರಿಯ ಖರ್ಚು, ಸಂಬಳ, ಪಿಂಚಣಿ ಎಲ್ಲವೂ ದೇಶದ ಸಂಚಿತ ನಿಧಿಯ ಮೇಲೆ ನೇರವಾಗಿ ಬೀಳುತ್ತದೆ. ಅದರ ಬಗ್ಗೆ ಪಾರ್ಲಿಮೆಂಟಿನಲ್ಲಿ ಚರ್ಚೆ ಮಾಡಬಹುದು, ಓಟು ಹಾಕಿ ಕಡಿಯುವ ಹಾಗಿಲ್ಲ. ಅಂದರೆ ಮಂತ್ರಿಗೆ ಸಿಟ್ಟು ಬಂತು ಅಂತ ಊಟ ನಿಲ್ಲಿಸೋಕೆ ಆಗೋದಿಲ್ಲ. ಕೆಲಸದಿಂದ ತೆಗೆಯಬೇಕಾದರೂ ಸುಪ್ರೀಂ ಕೋರ್ಟಿನ ನ್ಯಾಯಾಧೀಶರನ್ನು ತೆಗೆಯುವಷ್ಟೇ ಕಷ್ಟ. ನಮ್ಮಜ್ಜನ ಕಾಲದ ನೀತಿಯನ್ನು ಇದು ಬುಡಸಮೇತ ಕಿತ್ತು ಹಾಕಿದೆ. ಉಪ್ಪು ಮಂತ್ರಿಯದ್ದಲ್ಲ. ಬೆಂಕಿಪೊಟ್ಟಣ ಕೊಳ್ಳುವಾಗಲೂ ತೆರಿಗೆ ಕಟ್ಟುವ ನಮ್ಮಂಥವರದ್ದು. ಆದ್ದರಿಂದ ಜಂತೆ ಎಣಿಸುವವನು ಉಂಡ ಮನೆಗೆ ಎರಡು ಬಗೆಯುತ್ತಿಲ್ಲ. ಉಣ್ಣಿಸಿದವರ ಪರವಾಗಿಯೇ ಎಣಿಸುತ್ತಿದ್ದಾನೆ.

ಹೀಗೆ ಭಯವನ್ನೇನೋ ಕಾಯಿದೆ ಕಡಿಯಿತು. ಆಸೆಯನ್ನು ಕಡಿಯುವುದು ಇನ್ನೂ ಕಷ್ಟ. ಅದಕ್ಕೂ 148ನೇ ವಿಧಿಯಲ್ಲಿ ಒಂದು ಸಾಲಿದೆ. ಈ ಹುದ್ದೆಯಿಂದ ಇಳಿದವರು ಕೇಂದ್ರ ಸರ್ಕಾರದ ಅಥವಾ ಯಾವುದೇ ರಾಜ್ಯ ಸರ್ಕಾರದ ಕೆಳಗೆ ಮತ್ತೊಂದು ಹುದ್ದೆ ಹಿಡಿಯುವಂತಿಲ್ಲ. ಬಾಗಿಲು ಮುಚ್ಚಿತು ಅಂದುಕೊಂಡರೆ ಕಿಟಕಿ ತೆರೆದೇ ಇದೆ. 1989ರಲ್ಲಿ ಬೋಫೋರ್ಸ್ ಫಿರಂಗಿಯ ವರದಿ ಕೊಟ್ಟು ದಿಲ್ಲಿಯನ್ನು ನಡುಗಿಸಿದ ಟಿ.ಎನ್. ಚತುರ್ವೇದಿಯವರು ಆಮೇಲೆ ಒಂದು ಪಕ್ಷದಿಂದ ರಾಜ್ಯಸಭೆಗೆ ಹೋದರು. 2002ರಿಂದ 2007ರವರೆಗೆ ನಮ್ಮದೇ ರಾಜಭವನದಲ್ಲಿ ರಾಜ್ಯಪಾಲರಾಗಿದ್ದರು. ರಾಜ್ಯಪಾಲರ ಹುದ್ದೆ ಸರ್ಕಾರದ ಕೆಳಗಿನ ನೌಕರಿಯಲ್ಲ ಎಂದು ಸುಪ್ರೀಂ ಕೋರ್ಟು 1979ರಲ್ಲೇ ಹೇಳಿದೆ, ಹಾಗಾಗಿ ಕಾಯಿದೆ ಮುರಿಯಲಿಲ್ಲ. ಅವರ ವರದಿ ಸುಳ್ಳು ಎಂದೂ ನಾನು ಹೇಳುತ್ತಿಲ್ಲ. ಆದರೆ ಕುರ್ಚಿಯಲ್ಲಿ ಕೂತವನ ಕಣ್ಣಿಗೆ ಎದುರಿಗೇ ಇನ್ನೊಂದು ಕುರ್ಚಿ ಕಾಣುತ್ತಿದ್ದರೆ, ಅವನು ಬರೆದ ನಿಜವನ್ನೂ ಜನ ಅನುಮಾನದಿಂದ ಓದುತ್ತಾರೆ. ಹೀಗಾದರೆ ನಷ್ಟ ಅವನೊಬ್ಬನದಲ್ಲ.

ಅವರ ನಂತರ ಅದೇ ಕುರ್ಚಿಗೆ ಬಂದವರು ಕೊಡಗಿನ ಸಿ.ಜಿ. ಸೋಮಯ್ಯನವರು, 1990ರಿಂದ 1996ರವರೆಗೆ. 2010ರಲ್ಲಿ ಅವರ ಆತ್ಮಕಥೆ ಇಂಗ್ಲಿಷಿನಲ್ಲಿ ಬಂತು. ಪ್ರಾಮಾಣಿಕರು ಯಾವಾಗಲೂ ಒಂಟಿಯಾಗಿ ನಿಲ್ಲುತ್ತಾರೆ ಎಂದು ಅದರ ಹೆಸರು. ಹಿರಿಯರ ಅನುಭವ, ಸುಳ್ಳಿರಲಾರದು. ಆದರೆ ಈ ಒಂಟಿತನವನ್ನು ನಾವು ಮೆಚ್ಚಿ ಚಪ್ಪಾಳೆ ತಟ್ಟುವುದು ನನಗೆ ಹಿಡಿಸೋದಿಲ್ಲ. ಒಬ್ಬ ಪ್ರಾಮಾಣಿಕ ಒಂಟಿಯಾಗಿ ನಿಂತಿದ್ದಾನೆ ಅಂದರೆ ಸುತ್ತ ಇರಬೇಕಾದ ಕಛೇರಿಯನ್ನು ನಾವು ಕಟ್ಟಿಲ್ಲ ಎಂದೇ ಅರ್ಥ.

ಲೋಕಾಯುಕ್ತದ ಕಥೆ ಇದಕ್ಕೆ ಸಾಕ್ಷಿ. 1984ರ ಕಾಯಿದೆ ಅದು. ವೆಂಕಟಾಚಲ ಅವರು 2001ರಿಂದ ಐದು ವರ್ಷ ಆಸ್ಪತ್ರೆ, ಹಾಸ್ಟೆಲು, ಕಛೇರಿಗಳಿಗೆ ಏಕಾಏಕಿ ನುಗ್ಗಿದರು. ಟೀವಿ ಮುಂದೆ ಕೂತ ಜನ ಸಿನಿಮಾ ಥರ ನೋಡಿದರು. ಸಂತೋಷ್ ಹೆಗ್ಡೆಯವರು ಸರ್ಕಾರ ಸಹಕರಿಸುತ್ತಿಲ್ಲ ಎಂದು 2010ರ ಜೂನಿನಲ್ಲಿ ರಾಜೀನಾಮೆ ಬಿಸಾಕಿದರು, ಮತ್ತೆ ಹಿಂತೆಗೆದುಕೊಂಡರು. 2011ರ ಜುಲೈನಲ್ಲಿ ಬಳ್ಳಾರಿಯ ಗಣಿ ಲೂಟಿಯ ವರದಿ ಕೊಟ್ಟರು. ರಾಜ್ಯದ ಬೊಕ್ಕಸಕ್ಕೆ 16 ಸಾವಿರ ಕೋಟಿ ರೂಪಾಯಿಗೂ ಮಿಕ್ಕ ನಷ್ಟ ಎಂದಿತ್ತು ಅದರಲ್ಲಿ. ಆ ತಿಂಗಳ ಕೊನೆಗೆ ಮುಖ್ಯಮಂತ್ರಿ ಇಳಿದರು. ನಾವೆಲ್ಲ ಹಾಡಿ ಹೊಗಳಿದೆವು. ನಾಲ್ಕೇ ವರ್ಷ. 2015ರಲ್ಲಿ ಅದೇ ಸಂಸ್ಥೆಯೊಳಗಿಂದಲೇ ಸುಲಿಗೆಯ ಆರೋಪ ಎದ್ದು, ಲೋಕಾಯುಕ್ತರ ಮಗನ ಬಂಧನವಾಗಿ, ಅವರು ರಾಜೀನಾಮೆ ಕೊಡಬೇಕಾಯಿತು. 2016ರಲ್ಲಿ ಸರ್ಕಾರ ಭ್ರಷ್ಟಾಚಾರ ನಿಗ್ರಹ ದಳ ಎಂಬುದನ್ನು ತನ್ನ ಕೈಕೆಳಗೇ ಕಟ್ಟಿಕೊಂಡು ಲೋಕಾಯುಕ್ತ ಪೊಲೀಸರ ಹಲ್ಲು ಕಿತ್ತಿತು. ದಣಿಯೇ ಮತ್ತೆ ಲೆಕ್ಕದ ಪುಸ್ತಕ ಒಳಗಿಟ್ಟುಕೊಂಡ ಹಾಗೆ. ಹೈಕೋರ್ಟು ಅದನ್ನು ರದ್ದು ಮಾಡಿದ್ದು 2022ರ ಆಗಸ್ಟಿನಲ್ಲಿ. ಆರು ವರ್ಷ ಹೋಯಿತು.

ಇಷ್ಟು ಹೊತ್ತು ಮೇಲಿನವರ ಮಾತಾಡಿದೆ. ಕೆಳಗೆ ಇಳಿಯೋಣ. ನಾನು ಓದಿದ ಒಂದು ಹಾಸ್ಟೆಲಿನಲ್ಲಿ ತಪಾಸಣೆ ಅಂದರೆ ನಮಗೆ ಹಬ್ಬ. ಹಿಂದಿನ ದಿನವೇ ವಾರ್ಡನ್ನಿಗೆ ಫೋನು ಬರುತ್ತಿತ್ತು. ಅವತ್ತು ಸಾರು ಗಟ್ಟಿ, ಮೊಟ್ಟೆ ಇಡೀ, ಬೀರುವಿನಿಂದ ಹೊಸ ಕಂಬಳಿ ಹೊರಕ್ಕೆ. ಸಾಹೇಬರು ಬರುವರು, ಸಾರು ರುಚಿ ನೋಡುವರು, ‘ಏನ್ರಪ್ಪಾ, ಚೆನ್ನಾಗಿದೀರಾ?’ ಎಂದು ವಾರ್ಡನ್ ಪಕ್ಕ ನಿಂತೇ ಕೇಳುವರು. ನಾವು ಚೆನ್ನಾಗಿದ್ದೆವು. ಮಾರನೆ ದಿನ ಕಂಬಳಿ ಬೀರುವಿಗೆ. ಸಾಹೇಬರು ಕೆಟ್ಟವರೇನಲ್ಲ. ಆದರೆ ಅವರೂ ವಾರ್ಡನ್ನೂ ಒಂದೇ ಇಲಾಖೆ, ಒಂದೇ ಮೀಟಿಂಗು, ಒಂದೇ ಸಂಘದ ಡೈರಿ. ಕಛೇರಿಗಳಲ್ಲಿ ‘ಪ್ಯಾರಾ ಡ್ರಾಪ್ ಮಾಡಿಸೋದು’ ಅಂತ ಒಂದು ಮಾತಿದೆ, ನೌಕರಿಗೆ ಸೇರಿದ ಗೆಳೆಯರಿಗೆ ಗೊತ್ತಿರುತ್ತದೆ. ಆಡಿಟಿನವರು ಬರೆದ ಆಕ್ಷೇಪಣೆಗೆ ಅನುಪಾಲನಾ ವರದಿ ಕೊಟ್ಟು, ಜೊತೆಗೆ ಕೋಳಿ ಊಟವನ್ನೂ ಕೊಟ್ಟು, ಕೈಬಿಡಿಸುವುದು. ಆ ಊಟಕ್ಕೆ ಬಿಲ್ಲು ಯಾವ ಬಾಬ್ತಿನಲ್ಲಿ ಹಾಕುತ್ತಾರೋ ಅದನ್ನೂ ಆಡಿಟ್ ಮಾಡಬೇಕು!

ಆದರೆ ಕಳ್ಳತನ ಯಾವಾಗಲೂ ಕಳ್ಳತನದ ರೂಪದಲ್ಲೇ ಬರುವುದಿಲ್ಲ. ನಮ್ಮ ರಾಜ್ಯದಲ್ಲಿ 2013ರಲ್ಲಿ ಪರಿಶಿಷ್ಟ ಜಾತಿ ಉಪಯೋಜನೆ, ಬುಡಕಟ್ಟು ಉಪಯೋಜನೆಯ ಕಾಯಿದೆ ಬಂತು. ಜನಸಂಖ್ಯೆಯ ಪ್ರಕಾರ ನೂರಕ್ಕೆ 24.1 ರೂಪಾಯಿ ನಮಗೆ ಅಂತ. ಅದರೊಳಗೇ 7ಡಿ ಎಂಬ ಒಂದು ಕಿಂಡಿ ಇಟ್ಟರು. ಎಲ್ಲರಿಗೂ ಸೇರಿದ ದೊಡ್ಡ ಕಾಮಗಾರಿಗೆ ಖರ್ಚು ಮಾಡಿದರೂ ಅದರಲ್ಲೊಂದು ಪಾಲು ದಲಿತರಿಗೇ ಖರ್ಚಾಯಿತೆಂದು ಭಾವಿಸತಕ್ಕದ್ದು! ಭಾವಿಸುವುದಕ್ಕೇನು, ಬಡತನವಿದೆಯೇ? ಮೇಲಿನ ಬೀದಿಯ ರಸ್ತೆಯಲ್ಲಿ ನಾವೂ ನಡೆಯುತ್ತೇವಲ್ಲ. ಚಳುವಳಿಯವರು ವರ್ಷಗಟ್ಟಲೆ ಕೂಗಿದ ಮೇಲೆ 2023ರಲ್ಲಿ 7ಡಿ ಹೋಯಿತು. ಅದೇ ಬಜೆಟ್ ವರ್ಷದಲ್ಲಿ ಉಪಯೋಜನೆಯ ಸುಮಾರು 11 ಸಾವಿರ ಕೋಟಿ ರೂಪಾಯಿ ಗ್ಯಾರಂಟಿಗಳ ಕಡೆಗೆ ಹೋಯಿತು, ಅವುಗಳ ಫಲಾನುಭವಿಗಳಲ್ಲಿ ದಲಿತರೂ ಇದ್ದಾರಲ್ಲ ಎಂಬ ಸಮಜಾಯಿಷಿಯೊಂದಿಗೆ. ದೆಹಲಿಯಲ್ಲಿ 2010ರ ಕಾಮನ್‌ವೆಲ್ತ್ ಕ್ರೀಡೆಗೂ ಇದೇ ಬಾಬ್ತಿನ 600 ಕೋಟಿಗೂ ಮೇಲ್ಪಟ್ಟು ಹಣ ಹೋಗಿತ್ತೆಂದು ಗೃಹಮಂತ್ರಿಗಳೇ ರಾಜ್ಯಸಭೆಯಲ್ಲಿ ಒಪ್ಪಿಕೊಂಡರು.

ಈಗ ಹೇಳಿ, ಇಲ್ಲಿ ಜಂತೆ ಎಣಿಸುವವನು ಏನು ಮಾಡಬೇಕು? ವೋಚರು ಸರಿಯಿದೆ. ಸಹಿ ಸರಿಯಿದೆ. ಕಾಯಿದೆಯ ಕಲಮು ಸರಿಯಿದೆ. ಬರೀ ಕಾಗದ ನೋಡುವವನಾದರೆ ‘ಕ್ರಮಬದ್ಧ’ ಎಂದು ಬರೆದು ಎದ್ದು ಹೋಗುತ್ತಾನೆ. ಆ ಕಛೇರಿಯ ಮುಖ್ಯಸ್ಥನ ನಿಜವಾದ ಪರೀಕ್ಷೆ ಇಲ್ಲಿದೆ ಎಂದು ನನಗನ್ನಿಸುತ್ತದೆ. ಯಾವ ಕಡತ ತೆರೆಯಬೇಕು ಎಂದು ಆರಿಸುವವನು ಅವನೇ. ಬಿಲ್ ಕಲೆಕ್ಟರ್ ಎರಡು ಸಾವಿರ ತಿಂದದ್ದನ್ನು ಹುಡುಕಲು ಹತ್ತು ಜನರನ್ನು ಕಳಿಸಬಹುದು, ಅಂಕಿಗಳೂ ಚೆನ್ನಾಗಿ ಕಾಣುತ್ತವೆ, ಇಷ್ಟು ಕೇಸು ಹಿಡಿದೆವು ಅಂತ. ಅಥವಾ ಸಾವಿರ ಕೋಟಿ ಕಾಯಿದೆಯ ಪ್ರಕಾರವೇ ಎಲ್ಲಿಗೆ ಹರಿಯಿತು ಎಂದು ಕೇಳಬಹುದು. ಎರಡೂ ಪ್ರಾಮಾಣಿಕ ಕೆಲಸವೇ. ಆದರೆ ಮೊದಲನೆಯದನ್ನೇ ಮಾಡುತ್ತಾ ಮೂವತ್ತು ವರ್ಷ ಕಳೆದವನನ್ನು ಸ್ವತಂತ್ರ ಎನ್ನಲು ನನ್ನ ಬಾಯಿ ಬರುವುದಿಲ್ಲ. ಮತ್ತೆ ಆ ಸಣ್ಣ ಮೀನುಗಳು ಯಾವ ಜಾತಿಯವು ಅನ್ನೋದನ್ನೂ ನೋಡಿ. ಜವಾನ, ಬಿಲ್ ಕಲೆಕ್ಟರ್, ಹಾಸ್ಟೆಲ್ ಅಡುಗೆಯವನು. ಮೊನ್ನೆ ಮೊನ್ನೆ ನೌಕರಿಗೆ ಬಂದವರು, ಕದಿಯೋದರಲ್ಲೂ ಅನುಭವ ಸಾಲದವರು.

ಬರೆದ ವರದಿಯ ಗತಿಯನ್ನೂ ಹೇಳಬೇಕು. 151ನೇ ವಿಧಿಯ ಪ್ರಕಾರ ಅದನ್ನು ಸದನದ ಮುಂದಿಡಬೇಕು, ಎಷ್ಟು ದಿನದೊಳಗೆ ಅಂತ ಬರೆದಿಲ್ಲ. ದೆಹಲಿ ವಿಧಾನಸಭೆಯ ಮುಂದೆ ಬರಬೇಕಿದ್ದ 14 ವರದಿಗಳು ಉಳಿದೇ ಹೋಗಿ, 2025ರ ಫೆಬ್ರವರಿಯಲ್ಲಿ ಸರ್ಕಾರ ಬದಲಾದ ಮೇಲೆ ಹೊರಬರತೊಡಗಿದವು. ಹಳೆಯ ಸರ್ಕಾರದ ಜಂತೆಯ ಲೆಕ್ಕ ಹೊಸ ಸರ್ಕಾರಕ್ಕೆ ಯಾವಾಗಲೂ ಇಷ್ಟ.

2024ರ ಮೇ ತಿಂಗಳಲ್ಲಿ ನಡೆದದ್ದನ್ನು ಬರೆಯಲು ಕೈ ಭಾರವಾಗುತ್ತದೆ. ಮಹರ್ಷಿ ವಾಲ್ಮೀಕಿ ಪರಿಶಿಷ್ಟ ಪಂಗಡಗಳ ಅಭಿವೃದ್ಧಿ ನಿಗಮದ ಲೆಕ್ಕಪತ್ರ ವಿಭಾಗದ ಅಧೀಕ್ಷಕರೊಬ್ಬರು ಪತ್ರ ಬರೆದಿಟ್ಟು ಪ್ರಾಣ ಬಿಟ್ಟರು. ನಿಗಮದ 187 ಕೋಟಿ ರೂಪಾಯಿ ಬೇರೆ ಖಾತೆಗೆ ಅಕ್ರಮವಾಗಿ ಹೋಗಿದೆ ಎಂದಿತ್ತು ಅದರಲ್ಲಿ. ಜೂನಿನಲ್ಲಿ ಮಂತ್ರಿ ರಾಜೀನಾಮೆ ಕೊಟ್ಟರು. ತನಿಖೆ, ಬಂಧನ, ಕೋರ್ಟು ಎಲ್ಲ ಆಮೇಲಿನ ಕಥೆ. ಯಾರು ತಪ್ಪಿತಸ್ಥರು ಎಂದು ಹೇಳುವುದು ಕೋರ್ಟಿನ ಕೆಲಸ. ನನ್ನನ್ನು ಕಾಡುವುದು ಆ ಲೆಕ್ಕದ ಮೇಜು. ಅಂಕಿಗಳನ್ನು ಬಲ್ಲ ಮನುಷ್ಯ ಅಲ್ಲಿದ್ದರು. ಅದನ್ನು ಹೇಳಿ ಬದುಕಿ ಉಳಿಯಬಹುದಾದ ಒಂದು ಬಾಗಿಲು ಆ ಕಟ್ಟಡದಲ್ಲಿ ಇರಲಿಲ್ಲವೇ? ಸ್ವತಂತ್ರ ಲೆಕ್ಕದ ಕಛೇರಿ ಅಂದರೆ ಕಳ್ಳರನ್ನು ಹಿಡಿಯುವ ಜಾಗ ಎಂದಷ್ಟೇ ನಾವು ತಿಳಿದಿದ್ದೇವೆ. ಕದಿಯಲು ಒಲ್ಲದ ಗುಮಾಸ್ತ ಮಧ್ಯರಾತ್ರಿಯಲ್ಲಾದರೂ ಓಡಿಬಂದು ಕದ ತಟ್ಟಬಹುದಾದ ಮನೆಯೂ ಅದಾಗಬೇಕು. ಆಗ ಒಳಗಿದ್ದವರು ‘ಮೇಲಧಿಕಾರಿಗಳ ಮೂಲಕ ಅರ್ಜಿ ಕೊಡಿ’ ಅನ್ನಬಾರದು.

ಇನ್ನೊಂದು ದಾರಿಯನ್ನು ತೋರಿಸಿದವರು ರಾಜಸ್ಥಾನದ ಕೂಲಿಗಳು. ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆಯವರು 1994ರ ಡಿಸೆಂಬರ್ 2ರಂದು ಪಾಲಿ ಜಿಲ್ಲೆಯ ಕೋಟ್ ಕಿರಾಣಾದಲ್ಲಿ ಪಂಚಾಯತಿಯ ಲೆಕ್ಕವನ್ನು ಜನರೆದುರು ಗಟ್ಟಿಯಾಗಿ ಓದಿದರು. ಆಡಿಟನ್ನು ಕೋಣೆಯಿಂದ ಬಯಲಿಗೆ ತಂದರು. 2005ರ ಉದ್ಯೋಗ ಖಾತ್ರಿ ಕಾಯಿದೆಯಲ್ಲಿ ಇದು ಗ್ರಾಮಸಭೆಯ ಸಾಮಾಜಿಕ ಪರಿಶೋಧನೆಯಾಗಿ ಸೇರಿತು. ಆಂಧ್ರದಲ್ಲಿ 2006ರಿಂದ ಶುರುವಾಗಿ, 2009ರಲ್ಲಿ ಅದಕ್ಕೆಂದೇ ಪ್ರತ್ಯೇಕ ಸಂಸ್ಥೆಯಾಯಿತು. ಕೂಲಿಕಾರರ ಮನೆಯ ಓದಿದ ಮಕ್ಕಳೇ ಮನೆಮನೆಗೆ ಹೋಗಿ ಹಾಜರಿ ಪಟ್ಟಿ ಓದಿದರು. ಕೆಲಸ ಮಾಡಿಸುವ ಇಲಾಖೆ ಈ ಪರಿಶೋಧನೆಯಲ್ಲಿ ಕೈ ಹಾಕಕೂಡದು ಎಂದು 2011ರ ನಿಯಮ ಹೇಳಿತು. ಜಾರ್ಖಂಡಿನ ಪಲಾಮುವಿನಲ್ಲಿ ಇಂಥದೇ ಕೆಲಸಕ್ಕೆ ಇಳಿದಿದ್ದ ಲಲಿತ್ ಮೆಹ್ತಾ 2008ರ ಮೇನಲ್ಲಿ ಕೊಲೆಯಾದರು. 2025ರ ಡಿಸೆಂಬರಿನಲ್ಲಿ ಪಾರ್ಲಿಮೆಂಟು ಆ ಕಾಯಿದೆಯ ಜಾಗಕ್ಕೆ ಬೇರೊಂದನ್ನು ತಂದಿದೆ. ಇಪ್ಪತ್ತು ವರ್ಷದಲ್ಲಿ ಕಲಿತ ಪಾಠ ಮಾತ್ರ ನಮ್ಮದು.

ನನ್ನ ಗೆಳತಿಯೊಬ್ಬಳು ಈ ಕೆಲಸದಲ್ಲಿ ಗ್ರಾಮ ಸಂಪನ್ಮೂಲ ವ್ಯಕ್ತಿಯಾಗಿದ್ದಳು. ಬಿ.ಎ. ಓದಿದವಳು, ನಮ್ಮ ಕೇರಿಯವಳೇ. ಸ್ವಂತ ಪಂಚಾಯತಿಗೆ ಹಾಕದೆ ಬೇರೆ ಕಡೆ ಹಾಕಿದ್ದರು. ಅಲ್ಲಿ ಕೆರೆ ಹೂಳೆತ್ತಿದ ಕೆಲಸದ ಎನ್‌ಎಂಆರ್ ಹಿಡಿದು ಹೊರಟಳು. ಸತ್ತವರೊಬ್ಬರು ಹದಿನಾಲ್ಕು ದಿನ ಮಣ್ಣು ಹೊತ್ತಿದ್ದರು. ಬೆಂಗಳೂರಲ್ಲಿ ಮನೆ ಮಾಡಿಕೊಂಡಿದ್ದ ಗೌಡರ ಮಗನೂ ಹೊತ್ತಿದ್ದ. ಯಂತ್ರ ಬಳಸಬಾರದೆಂಬ ಕಾಯಿದೆಯಿದ್ದರೂ ಕೆರೆ ಏರಿಯ ಮೇಲೆ ಜೆಸಿಬಿಯ ಹಲ್ಲಿನ ಗುರುತು ಎದ್ದು ಕಾಣುತ್ತಿತ್ತು. ಲಕ್ಷಗಟ್ಟಲೆ ಹಣ. ಜೊತೆಗೆ ಇನ್ನೊಂದೂ ಸಿಕ್ಕಿತು. ಕಾಯಕ ಬಂಧುವಾಗಿದ್ದವನು ಇಬ್ಬರು ಹೆಂಗಸರ ಎರಡೆರಡು ದಿನದ ಕೂಲಿಯನ್ನು ತನ್ನ ಹೆಂಡತಿಯ ಹೆಸರಿಗೆ ಬರೆಸಿದ್ದ. ಅವನು ನಮ್ಮವನು. ದೂರದ ನೆಂಟಸ್ತಿಕೆಯೂ ಇತ್ತಂತೆ. ಸಂಜೆ ಅವನ ತಾಯಿ ಬಂದು, ‘ನೀನೂ ನಮ್ಮೋಳೇ ಅಲ್ವೇನವ್ವಾ, ಗೌಡ್ರುದ್ದು ಬರಿ, ನಮ್ ಹುಡ್ಗನ್ದು ಬಿಟ್ಬುಡು’ ಎಂದು ಕೈ ಹಿಡಿದರಂತೆ.

ಗೆಳೆಯರೆ, ದಣಿಯ ಉಪ್ಪಿಗಿಂತ ಕಷ್ಟದ ಉಪ್ಪು ಇದು. ಮಂತ್ರಿಯ ಋಣ ಹರಿಯಬಹುದು, ಕೇರಿಯ ಋಣ ಹರಿಯುವುದು ಹೇಗೆ? ನಮ್ಮವನೊಬ್ಬ ಆ ಕುರ್ಚಿಗೆ ಬಂದರೆ ನಮಗೆ ಅನುಕೂಲ ಆಗಬೇಕು ಎಂದು ನಾವೇ ಬಯಸುತ್ತೇವೆ. ಆಗದಿದ್ದರೆ ‘ಮೇಲೆ ಹೋದ ಮೇಲೆ ನಮ್ಮನ್ನ ಮರೆತ’ ಅನ್ನುತ್ತೇವೆ. ನನ್ನ ಅಭಿಪ್ರಾಯ ಖಾರವಾಗಿಯೇ ಇದೆ. ಅವನು ನಮಗೆ ಕೊಡಬೇಕಾದದ್ದು ಲೆಕ್ಕ, ರಿಯಾಯಿತಿ ಅಲ್ಲ. ಕೂಲಿ ಕಳಕೊಂಡ ಆ ಇಬ್ಬರು ಹೆಂಗಸರೂ ಕೇರಿಯವರೇ. ‘ನಮ್ಮವರು’ ಅನ್ನುವ ಮಾತಿನೊಳಗೆ ಅವರು ಯಾಕೆ ಬರಲಿಲ್ಲ?

ಅವಳು ಎರಡನ್ನೂ ಬರೆದಳು. ಗ್ರಾಮಸಭೆಯ ದಿನ ಮೇಲಿನ ಬೀದಿಯವರು ಕಾಯಕ ಬಂಧುವಿನ ನಾಲ್ಕು ದಿನದ ಕೂಲಿಯನ್ನೇ ಮೊದಲು ಓದಿ ಎಂದು ಗಲಾಟೆ ಎಬ್ಬಿಸಿದರಂತೆ. ಅದನ್ನು ಓದಿ ಗದ್ದಲವಾಗಿ ಸಭೆ ಮುಗಿದುಹೋದರೆ ಜೆಸಿಬಿಯ ಮಾತೇ ಬರುವುದಿಲ್ಲವಲ್ಲ. ಅವಳು ಒಪ್ಪಲಿಲ್ಲ. ಮೊತ್ತ ದೊಡ್ಡದು ಮೊದಲು, ಚಿಕ್ಕದು ಆಮೇಲೆ ಎಂದು ಹಟ ಹಿಡಿದು ಅದೇ ಕ್ರಮದಲ್ಲಿ ಓದಿದಳು. ಯಾವ ನಿಯಮದಲ್ಲೂ ಈ ಕ್ರಮ ಬರೆದಿದೆಯೆಂದು ನನಗನ್ನಿಸುವುದಿಲ್ಲ, ಅವಳೇ ಮಾಡಿಕೊಂಡದ್ದು. ಸಭೆಯಲ್ಲಿ ಒಬ್ಬ ಮೇಷ್ಟ್ರು ಎದ್ದುನಿಂತು ‘ಓದ್ಲಿ ಬಿಡ್ರಿ’ ಎಂದರಂತೆ. ಅಷ್ಟೇ ಸಾಕಾಯಿತು.

ಹೀಗೆ ಪತ್ತೆಯಾದ ಹಣದಲ್ಲಿ ವಾಪಸು ಬರುವುದು ಸಣ್ಣ ಪಾಲು, ದೇಶದ ತುಂಬ ಇದೇ ಕಥೆ. ಅಲ್ಲೂ ಕಾಯಕ ಬಂಧು ತನ್ನದನ್ನು ಕಟ್ಟಿದ, ಜೆಸಿಬಿಯವರದ್ದು ನೋಟೀಸಿನ ಹಂತದಲ್ಲಿ ನಿಂತಿತು. ನನಗೆ ಹೆಚ್ಚು ಸಿಟ್ಟು ಬಂದದ್ದು ಇನ್ನೊಂದಕ್ಕೆ. ಯೋಜನೆಯ ಖರ್ಚಿನಲ್ಲಿ ನೂರಕ್ಕೆ ಅರ್ಧ ರೂಪಾಯಿಯವರೆಗೆ ಈ ಪರಿಶೋಧನೆಗೇ ಎಂದು ಕೇಂದ್ರ ಎತ್ತಿಡುತ್ತಿತ್ತು, ಎಣಿಸುವವರು ಎಣಿಸಿಕೊಳ್ಳುವವರ ಹತ್ತಿರ ಕೈಚಾಚಬಾರದು ಅಂತಲೇ. ಅವಳ ಗೌರವಧನ ಮಾತ್ರ ಐದು ತಿಂಗಳು ಬರಲಿಲ್ಲ. ಕೇಳಲು ಹೋದಾಗ ಒಂದು ಕಛೇರಿಯಲ್ಲಿ ಅವಳನ್ನು ಬೆಳಗಿನಿಂದ ಸಂಜೆಯವರೆಗೆ ನಿಲ್ಲಿಸಿದರು. ಅದು ಅವಳು ಆಕ್ಷೇಪಣೆ ಬರೆದ ಬಿಲ್ಲುಗಳು ಪಾಸಾಗಿದ್ದ ಕಛೇರಿ. ‘ಏನಮ್ಮಾ, ಕೆರೆ ಹೆಂಗಿದೆ?’ ಅಂತ ಒಬ್ಬ ನಕ್ಕನಂತೆ. ಆ ಐದು ತಿಂಗಳು ಅವಳು ರವಿಕೆ ಹೊಲಿದು ಬದುಕಿದಳು. ನಾಳೆ ಇಂಥದೊಂದು ಕಛೇರಿಯ ಮುಖ್ಯಸ್ಥರಾಗಿ ಯಾರೇ ಬರಲಿ, ಮೊದಲ ದಿನ ಅವರು ತರಿಸಿಕೊಳ್ಳಬೇಕಾದ ಕಡತ ಆ ಗೌರವಧನದ ಬಾಕಿ ಪಟ್ಟಿ. ಗ್ರಾಮಸಭೆಗೆ ಹೋಗುವ ಗೆಳೆಯರು, ಮೇಷ್ಟ್ರುಗಳು ಹೊಸ ಕಾಯಿದೆಯ ಕೆಳಗೆ ಮೊದಲ ಸಭೆ ಕರೆದಾಗ ಕಾಮಗಾರಿಯ ಪಟ್ಟಿ ಕೇಳುವ ಮುಂಚೆ ಇದನ್ನು ಕೇಳಿ: ನಮ್ಮ ಲೆಕ್ಕ ಓದಲು ಬರುವ ಹುಡುಗಿಗೆ ಸಂಬಳ ಕೊಡುವವರು ಯಾರು, ಯಾವ ತಾರೀಖಿಗೆ, ಯಾರ ಸಹಿಯ ಮೇಲೆ?